ನಿಲ್ಲುವುದೆಂಬ ದುಡಿಮೆ

ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಶೆಟ್ಟಿಹಳ್ಳಿಗೆ ಹೋದವರು, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ರೋಸರಿ ಚರ್ಚು, ಗೊರೂರಿನ ಅಣೆಕಟ್ಟು ಎದ್ದು ಹಳೆಯ ಊರಿನವರು ಬೇರೆಡೆಗೆ ತೆರಳಿದ ಮೇಲೂ, ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನೊಳಗೆ ಅರ್ಧ ಮುಳುಗುತ್ತ, ಬೇಸಿಗೆಯಲ್ಲಿ ಬುಡದವರೆಗೆ ತೋರುತ್ತ, ಚಾವಣಿಯನ್ನೂ ಗೋಡೆಗಳ ಕೆಲವು ಭಾಗಗಳನ್ನೂ ಕಳೆದುಕೊಂಡು, ಇನ್ನೂ ನಿಂತಿರುವುದನ್ನು ಕಾಣುತ್ತಾರೆ. ಗೋಡೆಯೂ ನಿಂತಿದೆ, ಅದನ್ನು ನೋಡುವ ನಾವೂ ನಿಂತಿದ್ದೇವೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವೆವಾದರೂ, ಈ ಎರಡು ನಿಲುವುಗಳಿಗೆ ಅಜಗಜಾಂತರವುಂಟು. ಗೋಡೆ ನಿಂತಿರುವುದು ಅಲುಗಾಡದೆ ಇರುವುದರಿಂದ. ಮನುಷ್ಯ ನಿಂತಿರುವುದು ಎಡೆಬಿಡದೆ ಅಲುಗಾಡುವುದರಿಂದ. ಗಟ್ಟಿಮುಟ್ಟಾದವರು ಪಾದಗಳೆರಡನ್ನೂ ಜೋಡಿಸಿ, ಕಣ್ಣು ಮುಚ್ಚಿ, ಅರ್ಧ ನಿಮಿಷ ನಿಂತುನೋಡಲಿ: ಮೈಭಾರವು ಹಿಮ್ಮಡಿಗೂ ಬೆರಳುಗಳಿಗೂ ನಡುವೆ ಹೊಯ್ದಾಡುವುದೂ, ಮೀನಖಂಡದ ಸ್ನಾಯುಗಳು ತಾವಾಗಿಯೇ ಬಿಗಿದು ಸಡಿಲುವುದೂ ಸ್ಪಷ್ಟವಾಗಿ ಅರಿವಿಗೆ ಬರುತ್ತದೆ. ಬೀಳಹೋಗುವುದು, ಬೀಳುವ ಮೊದಲೇ ತಡೆದುಕೊಳ್ಳುವುದು: ಇದರ ನಿರಂತರ ಆವರ್ತನೆಗೇ ನಾವು ನಿಲ್ಲುವುದೆಂದು ಹೆಸರಿಟ್ಟಿದ್ದೇವೆ.

ಈ ದುಡಿಮೆಗೆ ಬೇಕಾದ ಸಮಾಚಾರವು ಮೆದುಳಿಗೆ ಮೂರು ಕಡೆಗಳಿಂದ ಬರುತ್ತದೆ. ಕಣ್ಣು ದಿಗಂತವನ್ನೂ ಕಂಬ ಬಾಗಿಲುಗಳನ್ನೂ ನೋಡಿ ನೇರ ಯಾವುದೆಂದು ತಿಳಿಸುತ್ತದೆ. ಅಂಗಾಲಿನ ಚರ್ಮವೂ ಕೀಲುಗಳೂ ಸ್ನಾಯುಗಳೂ ಮೈಭಾರವು ಎಲ್ಲಿ ಊರಿದೆಯೆಂಬುದನ್ನು ವರದಿಮಾಡುತ್ತವೆ. ಇನ್ನು ಒಳಗಿವಿಯಲ್ಲಿ, ಎರಡು ಗೋಡೆಗಳೂ ನೆಲವೂ ಕೂಡುವ ಮೂಲೆಯಂತೆ ಒಂದಕ್ಕೊಂದು ಅಡ್ಡಲಾಗಿ ಜೋಡಿಸಿದ ಮೂರು ಅರ್ಧವೃತ್ತನಾಳಗಳಿವೆ. ತುಂಬಿದ ಬಿಂದಿಗೆಯನ್ನು ತಟ್ಟನೆ ತಿರುಗಿಸಿದರೆ ಒಳಗಿನ ನೀರು ಕ್ಷಣಕಾಲ ಹಿಂದುಳಿಯುವಂತೆ, ತಲೆ ತಿರುಗಿದಾಗ ಈ ನಾಳಗಳಲ್ಲಿನ ದ್ರವವು ಹಿಂದುಳಿದು, ಅಲ್ಲಿಯ ಸೂಕ್ಷ್ಮ ರೋಮಗಳನ್ನು ಬಾಗಿಸಿ, ಆ ಚಲನೆಯನ್ನು ನರಗಳಿಗೆ ಒಪ್ಪಿಸುತ್ತದೆ. ಮೂರು ವರದಿಗಳನ್ನೂ ತಾಳೆನೋಡಿ, ನೂರಾರು ಸ್ನಾಯುಗಳಿಗೆ ಅಪ್ಪಣೆ ಕೊಡುವುದು ಮೆದುಳಿನ ಕಾರ್ಯ.

ನಮ್ಮ ಜನ ಲಕ್ವ ಹೊಡೆಯಿತೆಂದು ಹೇಳುವ ಪಾರ್ಶ್ವವಾಯುವಿನಲ್ಲಿ ಕೆಡುವುದು ಈ ಲೆಕ್ಕದ ಮನೆಯೇ. ಮೆದುಳಿನ ಯಾವುದೋ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು, ಅದರ ಆಶ್ರಯದಲ್ಲಿದ್ದ ಭಾಗವು ಸಾಯುತ್ತದೆ. ನರಮಾರ್ಗಗಳು ಕತ್ತಿನ ಮೇಲ್ಭಾಗದ ಬಳಿ ಎಡಬಲ ದಾಟುವುದರಿಂದ, ಬಲಮೆದುಳಿಗೆ ಘಾತವಾದರೆ ಎಡಗೈ ಎಡಗಾಲುಗಳು ಸೋಲುತ್ತವೆ. ಕಾಲಿನಲ್ಲಿ ಎಲುಬು ಮುರಿದಿಲ್ಲ, ಸ್ನಾಯು ಹರಿದಿಲ್ಲ. ಅಪ್ಪಣೆ ಬರುವುದು ನಿಂತಿದೆ, ಅಷ್ಟೆ. ಆದುದರಿಂದಲೇ ಕಾಲಿಗೆ ಎಷ್ಟು ಎಣ್ಣೆ ತಿಕ್ಕಿದರೂ ನಡಿಗೆ ಹಿಂದಿರುಗುವುದಿಲ್ಲವೆಂಬುದನ್ನು ನಮ್ಮ ಮನೆಗಳವರು ಮೊದಲು ಮನಗಾಣಬೇಕು.

ನನ್ನ ಬಂಧುವೊಬ್ಬರು, ಹೊಲದ ಬದುವಿನ ಮೇಲೆ ಹೊರೆ ಹೊತ್ತು ಓಡಾಡಿದ ರೈತರು, ಹೀಗೆ ಎಡಭಾಗ ಸೋತು ಮಲಗಿದಾಗ, ಅವರನ್ನು ಮಂಚದ ಅಂಚಿನಲ್ಲಿ ಕೂರಿಸಿದ ಮೊದಲ ದಿನ ಕಂಡ ದೃಶ್ಯವನ್ನು ನಾನು ಮರೆಯಲಾರೆ. ಗಟ್ಟಿಯಾಗಿದ್ದ ಬಲಗೈಯಿಂದಲೇ ಹಾಸಿಗೆಯನ್ನು ಒತ್ತಿ ತಮ್ಮನ್ನು ತಾವು ಎಡಕ್ಕೆ ನೂಕಿಕೊಳ್ಳುತ್ತಿದ್ದರು; ನಾವು ನೆಟ್ಟಗೆ ಮಾಡಹೋದರೆ, ಬೀಳಿಸುತ್ತೀರಿ ಎಂದು ಕೂಗುತ್ತಿದ್ದರು. ಅದು ಹಟವೆಂದು ಮನೆಯವರು ತಿಳಿದರು. ಆದರೆ ಜರ್ಮನಿಯ ಕಾರ್ನಾಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಇಂಥ ರೋಗಿಗಳನ್ನು ಕಣ್ಣು ಕಟ್ಟಿ ಓಲುವ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶವೇನೆಂದರೆ, ದೇಹವನ್ನು ಸುಮಾರು 18 ಡಿಗ್ರಿಯಷ್ಟು ವಾಲಿಸಿದಾಗಲೇ ಅವರಿಗೆ ತಾವು ನೆಟ್ಟಗಿರುವಂತೆ ತೋರುತ್ತದೆ. ಲಂಬರೇಖೆಯೇ ಅವರೊಳಗೆ ವಾಲಿಹೋಗಿರುತ್ತದೆ! ಆಶ್ಚರ್ಯವೆಂದರೆ, ಕಣ್ಣಿಗೆ ಕಾಣುವ ನೇರವು ಅವರಲ್ಲಿ ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಆದುದರಿಂದ ಫಿಸಿಯೋಥೆರಪಿಯವರು ರೋಗಿಯನ್ನು ಬಾಗಿಲ ಚೌಕಟ್ಟಿನ ಎದುರು ಕೂರಿಸಿ, ಅದು ನೆಟ್ಟಗಿದೆಯೆ, ನೀವು ಅದರಂತೆ ಇದ್ದೀರಾ ಎಂದು ಕೇಳಿ, ಕಣ್ಣಿನ ಸಾಕ್ಷ್ಯದಿಂದ ಮೈಯನ್ನು ತಿದ್ದುತ್ತಾರೆ. ನಮ್ಮ ಬಂಧುವಿಗೆ ಅಂಗಳದ ಅಡಕೆಮರವೇ ಗುರುವಾಯಿತು. ವಾರಗಟ್ಟಲೆ ಆ ಮರವನ್ನು ನೋಡುತ್ತ ಅವರು ಕೂರುವುದನ್ನು ಕಲಿತರು.

ಕುಳಿತವರು ಏಳಬೇಕಷ್ಟೆ. ಏಳುವುದಕ್ಕೆ ತೋಳಿನ ಬಲ ಬೇಕೆಂದು ನಾವು ಭಾವಿಸುತ್ತೇವೆ; ವಾಸ್ತವವಾಗಿ ಮೊದಲು ಬೇಕಾದುದು ಬಾಗುವ ಧೈರ್ಯ. ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳುಗಳನ್ನು ದಾಟುವಷ್ಟು ಮುಂದಕ್ಕೆ ಬಾಗಿದರೆ, ಪೃಷ್ಠವು ತಾನೇ ಹಗುರಾಗಿ ಮೇಲೇಳುತ್ತದೆ. ಬೀಳುವ ಭಯವುಳ್ಳ ರೋಗಿ ಹಿಂದಕ್ಕೆ ಒರಗುತ್ತಾನೆ, ಆದ್ದರಿಂದ ಏಳಲಾರ. ಎದ್ದರೂ ಭಾರವನ್ನೆಲ್ಲ ಗಟ್ಟಿ ಕಾಲಿಗೇ ಒಪ್ಪಿಸುತ್ತಾನೆ. ಸೋತ ಕಾಲಿನ ಮೇಲೆ ಭಾರ ಬೀಳದೆ ಆ ಕಾಲಿನ ವರದಿ ಮೆದುಳಿಗೆ ಮುಟ್ಟದು. ನಡಿಗೆಯಲ್ಲಿ ಪ್ರತಿಯೊಂದು ಕಾಲೂ ಸುಮಾರು 60 ಪಾಲು ಹೊತ್ತು ನೆಲದ ಮೇಲೆ, 40 ಪಾಲು ಹೊತ್ತು ಗಾಳಿಯಲ್ಲಿ ಇರಬೇಕಾದುದರಿಂದ, ಒಂಟಿಕಾಲಿನ ಮೇಲೆ ಭಾರ ಹೊರಲು ಕಲಿಯದವನಿಗೆ ಹೆಜ್ಜೆಯಿಲ್ಲ. ಸೊಂಟದ ಎತ್ತರಕ್ಕೆ ಎರಡು ಬಿದಿರ ಗಳಗಳನ್ನು ಗಟ್ಟಿಯಾದ ಗೂಟಗಳಿಗೆ ಬಿಗಿದರೆ, ಆಸ್ಪತ್ರೆಯ ಸಮಾನಾಂತರ ಸರಳುಗಳ ಕೆಲಸ ನಮ್ಮ ಅಂಗಳದಲ್ಲಿಯೇ ನಡೆಯುತ್ತದೆ.

ಸತ್ತ ನರಕೋಶ ಮರಳಿ ಹುಟ್ಟದಿದ್ದರೂ, ಉಳಿದ ಭಾಗಗಳು ಅದರ ಕೆಲಸವನ್ನು ಕಲಿಯಬಲ್ಲವು ಎಂಬುದೇ ಈ ಚಿಕಿತ್ಸೆಯ ಆಧಾರ. 1950ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಅಧ್ಯಾಪಕರಾದ ಪೆಡ್ರೋ ಬಾಕ್-ಇ-ರೀಟಾ ಎಂಬ ವೃದ್ಧರು ಪಾರ್ಶ್ವವಾಯುವಿಗೆ ತುತ್ತಾದಾಗ, ಅವರ ಮಗ ಜಾರ್ಜ್, ಮಗುವಿನಂತೆ ಅಂಬೆಗಾಲಿಕ್ಕುವುದರಿಂದ ತೊಡಗಿಸಿ, ತಂದೆಯನ್ನು ಮತ್ತೆ ನಡೆಯುವಂತೆ, ಪಾಠ ಹೇಳುವಂತೆ ಮಾಡಿದನು. ಕೆಲವು ವರ್ಷಗಳ ತರುವಾಯ ಅವರು ಪರ್ವತವನ್ನೇರುವಾಗ ತೀರಿಕೊಂಡಾಗ, ಶವಪರೀಕ್ಷೆಯಲ್ಲಿ ಮೆದುಳಿನಿಂದ ಬೆನ್ನುಹುರಿಗಿಳಿಯುವ ನರಗಳ ಬಹುಪಾಲು ನಾಶವಾಗಿಯೇ ಉಳಿದಿದ್ದುದು ಕಂಡಿತು. ಅದನ್ನು ನೋಡಿದ ಇನ್ನೊಬ್ಬ ಮಗ, ವೈದ್ಯನಾದ ಪಾಲ್, ಮೆದುಳಿನ ಈ ನಮ್ಯತೆಯ ಅಧ್ಯಯನಕ್ಕೇ ತನ್ನ ಬಾಳನ್ನು ಮುಡಿಪಿಟ್ಟನು.

ಹಾಗೆಂದು ಅವಸರವೂ ಸಲ್ಲದು. ಮೊದಲ 24 ಗಂಟೆಗಳಲ್ಲಿಯೇ ರೋಗಿಯನ್ನು ಅತಿಯಾಗಿ ಎಬ್ಬಿಸಿ ನಡೆಸುವುದು ಅಹಿತವೆಂದು 2015ರಲ್ಲಿ ಪ್ರಕಟವಾದ ಅವರ್ಟ್ ಅಧ್ಯಯನವು ತೋರಿಸಿತು. ಯಾವಾಗ, ಎಷ್ಟು ಎಂಬುದನ್ನು ವೈದ್ಯರು ನಿಶ್ಚಯಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕಾಗಿಯೇ ಒಂದು ವಿಭಾಗವಿದೆ. ಆದರೆ ಹೆಚ್ಚಿನ ಅಭ್ಯಾಸ ನಡೆಯಬೇಕಾದುದು ಮನೆಯ ಜಗಲಿಯಲ್ಲಿ, ಮನೆಯವರ ಕಣ್ಣೆದುರಿನಲ್ಲಿ. ಇದೆಲ್ಲಕ್ಕೂ ಮೊದಲಿನ ಮಾತು: ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದ ಕೂಡಲೆ ಗಡಿಯಾರ ನೋಡಿ, ನಾಟಿ ಮದ್ದನ್ನು ಹುಡುಕದೆ ದೊಡ್ಡ ಆಸ್ಪತ್ರೆಗೆ ಸಾಗಿಸಿ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೇ ಮಿತಿ. ಮುಂದೆ ಚೇತರಿಕೆಯ ದಿನಗಳಲ್ಲಿ, ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ. ಊರುಗೋಲನ್ನು ಗಟ್ಟಿ ಕೈಗೆ ಕೊಡಿ. ಮೊದಲು ಕೋಲು, ಆಮೇಲೆ ಸೋತ ಕಾಲು, ಕೊನೆಗೆ ಗಟ್ಟಿ ಕಾಲು. ಅವರು ತಾವಾಗಿಯೇ ಏಳಲು ಹತ್ತು ಸಲ ಯತ್ನಿಸುವಷ್ಟು ಹೊತ್ತೂ, ಅವರ ಸೋತ ಮಗ್ಗುಲಿನಲ್ಲಿ, ಎತ್ತಿಬಿಡದೆ, ಆದರೆ ಬೀಳಗೊಡದೆ, ಜೊತೆಗೆ ನಿಂತಿರಿ.