ಕ್ಯೂಆರ್ ಬೋರ್ಡ್ ತೆಗೆದರೆ ಜಿಎಸ್‌ಟಿ ತಪ್ಪುತ್ತದೆಯೇ?

ಗೌನಿಪಲ್ಲಿ: 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಬೇಕರಿ, ಟೀ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿ ಅಂಟಿಸಿದರು. ಆದರೆ ಬೋರ್ಡ್ ತೆಗೆದು ಪ್ರಯೋಜನವಿಲ್ಲ. ಜಿಎಸ್‌ಟಿಗೆ ಬೇಕಿರುವುದು ವರ್ಷದ ಒಟ್ಟು ವಹಿವಾಟು. ನಗದೂ ಅದರಲ್ಲೇ ಸೇರುತ್ತೆ.

ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಅಂದ್ರೆ ದಿನಕ್ಕೆ ಸುಮಾರು 11 ಸಾವಿರ ರೂಪಾಯಿ ದಾಟಿದರೆ ನೋಂದಣಿ ಬೇಕು. ಹೋಟೆಲ್, ರಿಪೇರಿಯಂಥ ಸೇವೆಗೆ ಮಿತಿ 20 ಲಕ್ಷ. ಇದು ಲಾಭದ ಲೆಕ್ಕವಲ್ಲ, ಗಲ್ಲಾಕ್ಕೆ ಬಿದ್ದ ಮೊತ್ತ. ಹಾಲು, ತರಕಾರಿ, ತಾಜಾ ಹಣ್ಣು ಮಾತ್ರ ಮಾರುವವರಿಗೆ ಎಷ್ಟೇ ವ್ಯಾಪಾರವಾದರೂ ನೋಂದಣಿ ಬೇಡ. ಟೊಮೆಟೊ ಪಕ್ಕದಲ್ಲಿ ಸೋಪು, ಬಿಸ್ಕತ್ ಇಟ್ಟರೆ ಮಿತಿಗೆ ಎರಡೂ ಸೇರುತ್ತವೆ, ತೆರಿಗೆ ಮಾತ್ರ ಸೋಪು, ಬಿಸ್ಕತ್ತಿಗಷ್ಟೇ.

ನಿಜವಾದ ತಲೆನೋವು ಒಂದೇ ಖಾತೆ ಇಟ್ಟುಕೊಳ್ಳೋದು. ಚೀಟಿ ದುಡ್ಡು, ನೆಂಟರ ಕೈಸಾಲ, ಮಾವಿನ ತೋಟದ ಹಣ ಎಲ್ಲಾ ಅಂಗಡಿ ಕ್ಯೂಆರ್‌ಗೇ ಬಿದ್ದರೆ, ನೋಟಿಸ್ ಬಂದ ದಿನ ಯಾವುದು ವ್ಯಾಪಾರ, ಯಾವುದಲ್ಲ ಅಂತ ಬಿಡಿಸಿ ತೋರಿಸಬೇಕಾದವರು ಅಂಗಡಿಯವರೇ. ಅಂಗಡಿಗೆ ಬೇರೆ ಖಾತೆ ಮಾಡಿ, ಖರೀದಿ ಬಿಲ್‌ಗಳನ್ನು ಒಂದು ಫೈಲಿಗೆ ಹಾಕಿಟ್ಟರೆ ಅರ್ಧ ಭಯ ಕಳೆಯುತ್ತೆ.

ಮಿತಿ ದಾಟಿದವರಿಗೂ ದಾರಿ ಇದೆ. 1.5 ಕೋಟಿವರೆಗೆ ರಾಜಿ ತೆರಿಗೆ ಪದ್ಧತಿಯಲ್ಲಿ ಅಂಗಡಿಗೆ ಶೇ 1, ಹೋಟೆಲಿಗೆ ಶೇ 5. ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ನಮ್ಮ ಗಡಿ ಭಾಗದವರು ಒಂದು ಗಮನಿಸಬೇಕು: ತೆರಿಗೆ ಬೀಳುವ ಸರಕನ್ನು ಆಂಧ್ರದ ಅಂಗಡಿಗೆ ಕಳಿಸುವವರಿಗೆ ಈ 40 ಲಕ್ಷದ ರಿಯಾಯಿತಿಯೂ ಇಲ್ಲ, ರಾಜಿ ತೆರಿಗೆಯೂ ಸಿಗಲ್ಲ.