ಇಂದ್ರಗೋಪದ ಬಣ್ಣದ ಕುದುರೆಗಳು

ದ್ರೋಣಪರ್ವದಲ್ಲಿ ಒಂದು ಪ್ರಸಂಗವಿದೆ. ಕಥೆ ಹೇಳುವವರು ಸಾಮಾನ್ಯವಾಗಿ ಅದನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತಾರೆ, ಯಾಕೆಂದರೆ ಅಲ್ಲಿ ಯಾರೂ ಸಾಯುವುದಿಲ್ಲ. ಪಾಂಡವರ ಕಡೆಯ ರಥಿಕರು ದ್ರೋಣನ ಮೇಲೆ ಏರಿ ಬರುತ್ತಿದ್ದಾರೆ. ಬಂದವರ ರಥಗಳ ಗುರುತೇನು, ಒಂದೊಂದಾಗಿ ಹೇಳು ಎಂದು ಧೃತರಾಷ್ಟ್ರ ಕೇಳುತ್ತಾನೆ. ಸಂಜಯ ಕುದುರೆಗಳ ಬಣ್ಣದಿಂದಲೇ ಶುರುಮಾಡುತ್ತಾನೆ. ಸಾತ್ಯಕಿಯ ಕುದುರೆಗಳು ಬೆಳ್ಳಿಯಂಥವು. ಧೃಷ್ಟದ್ಯುಮ್ನನವು ಪಾರಿವಾಳದ ಬಣ್ಣದವು. ಯುಧಿಷ್ಠಿರನವು ಆನೆದಂತದ ಬಣ್ಣ, ಬಾಲ ಮಾತ್ರ ಕಪ್ಪು. ವಿರಾಟನವು ಪಾದರಿ ಹೂವಿನ ಬಣ್ಣ. ಕೇಕಯದ ಐವರು ಸೋದರರವು ಇಂದ್ರಗೋಪದ ಬಣ್ಣ. ಪಟ್ಟಿ ಇನ್ನೂ ಉದ್ದವಿದೆ. ಹುಟ್ಟುಕುರುಡ ದೊರೆ ನಡುವೆ ಬಾಯಿ ಹಾಕಿ, ಪಾರಿವಾಳದ ಬಣ್ಣ ಅಂದರೇನಪ್ಪಾ ಎಂದು ಕೇಳುವುದಿಲ್ಲ.

ಇಂದ್ರಗೋಪ ಅಂದರೆ ಉತ್ತರ ಕರ್ನಾಟಕದ ರೈತರು ಮಿರಗದ ಹುಳ ಎನ್ನುವ ಆ ಕಡುಗೆಂಪು ಜೀವಿ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಹರಿದಾಡುತ್ತದೆ. ಹೆಬ್ಬೆರಳ ಉಗುರಿಗಿಂತ ಚಿಕ್ಕದು, ಮುಟ್ಟಿದರೆ ಮಖಮಲ್ಲು. ಅಂಗೈ ಮೇಲೆ ಇಟ್ಟುಕೊಂಡರೆ ಎಂಟೂ ಕಾಲು ಮಡಿಚಿ ಸತ್ತಂತೆ ಬಿದ್ದುಕೊಳ್ಳುತ್ತದೆ, ಆಮೇಲೆ ಕಚಗುಳಿ ಇಡುತ್ತ ನಡೆಯಲು ಶುರುಮಾಡುತ್ತದೆ. ಕಣ್ಣು ಕಾಣದ ಹುಡುಗನೂ ಅದನ್ನು ಅಂಗೈಯಲ್ಲಿ ಆಡಿಸಿರಬಹುದು. ಸಂಜಯನ ಪಟ್ಟಿಯಲ್ಲಿರುವ ಬೆಳ್ಳಿ, ದಂತ, ಹಕ್ಕಿ, ಹೂವು ಎಲ್ಲವೂ ಹಾಗೆ ಕೈಗೆ ಸಿಕ್ಕುವ ವಸ್ತುಗಳೇ. ಕೆಂಪು ಎಂದರೆ ಹೇಗಿರುತ್ತದೆ ಎಂದು ತಿಳಿಸಲು ಅವನು ಹೋಗಲಿಲ್ಲ. ಯಾವುದು ಯಾವುದರ ಹಾಗಿದೆ, ಯಾರ ರಥ ಯಾವುದು, ಇಷ್ಟು ಹೇಳಿದ. ದೊರೆಗೆ ಬೇಕಿದ್ದದ್ದೂ ಅಷ್ಟೇ.

ನಾವು ಮಾತ್ರ ಕಣ್ಣು ಕಾಣದವರು ಎದುರಿಗೆ ಸಿಕ್ಕರೆ ತಕ್ಷಣ ಕವಿಗಳಾಗುತ್ತೇವೆ. ಕೆಂಪು ಅಂದರೆ ಬೆಂಕಿಯ ಬಿಸಿ, ನೀಲಿ ಅಂದರೆ ತಣ್ಣೀರು, ಹಸಿರು ಅಂದರೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದ ಹಾಗೆ. ಇಂಥ ವರ್ಣನೆಯ ವಿಡಿಯೊಗಳು ಮೊಬೈಲಿನಲ್ಲಿ ಸಾಕಷ್ಟು ಓಡಾಡುತ್ತವೆ, ನೋಡಿದವರು ಕಣ್ಣೊರೆಸಿಕೊಳ್ಳುತ್ತಾರೆ. ಧಾರವಾಡ ಕಡೆಯ ನನ್ನ ಪರಿಚಯದ ಸಂಗೀತದ ಮೇಷ್ಟ್ರೊಬ್ಬರಿಗೆ ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಅವರಿಗೆ ಇದೆಲ್ಲ ನಗೆಯ ವಿಷಯ. "ಸಣ್ಣಾಂವ ಇದ್ದಾಗಿಂದ ಹೇಳ್ಕೋತ ಬಂದಾರ್ರಿ, ಕೆಂಪ ಅಂದ್ರ ಬಿಸಿ, ನೀಲಿ ಅಂದ್ರ ತಂಪು ಅಂತ. ಕಲ್ಲಂಗಡಿ ಒಳಗ ಕೆಂಪ ಅಂತೀರಿ, ಬಾಯಾಗ ಇಟ್ಕೊಂಡ್ರ ತಣ್ಣಗ. ಗ್ಯಾಸಿನ ಉರಿ ನೀಲಿ ಅಂತೀರಿ. ನಿಮ್ಮ ಮಾತ ನಂಬಿ ಬೆರಳ ಇಟ್ರ ನಾಳಿಂದ ಪೆಟ್ಟಿಗಿ ನೀವ ಬಾರಿಸ್ಬೇಕು."

ಅವರ ಜೊತೆ ಒಮ್ಮೆ ಇಳಕಲ್ ಸೀರೆ ಕೊಳ್ಳಲು ಹೋಗಿದ್ದೆ. ಅವರ ಅಕ್ಕನಿಗೆ ಕೊಡಬೇಕಿತ್ತು. ಅಂಗಡಿಯವರು ಗಾದಿಯ ಮೇಲೆ ಸೀರೆ ಹರವುತ್ತ ಹೋದಂತೆ ಮೇಷ್ಟ್ರು ಮೊದಲು ಬೆರಳಿನಿಂದ ಸೆರಗಿನ ಜೋಡಣೆ ಹುಡುಕಿದರು. ಮೈಯ ಎಳೆ ಮತ್ತು ಸೆರಗಿನ ರೇಷ್ಮೆ ಎಳೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಆ ಗೆರೆ ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ಸಿಗುತ್ತದೆ. ಆಮೇಲೆ ಪ್ರಶ್ನೆಗಳು. ಮೈ ಯಾವ ಬಣ್ಣ? ಅಂಚು ಅದಕ್ಕೆ ಒಪ್ಪುತ್ತದೋ, ಹೊಡೆಯುತ್ತದೋ? ಇದು ಹುಡುಗಿಯರು ಉಡುವುದೋ, ಮೊಮ್ಮಕ್ಕಳನ್ನು ಕಂಡವರು ಉಡುವುದೋ? ಬಿಸಿಲಿಗೆ ಮಾಸುತ್ತದೋ? ಅಂಗಡಿಯವರು ಒಂದನ್ನು "ದಾಳಿಂಬರ ಬಣ್ಣ ಐತ್ರಿ" ಎಂದಾಗ ಮೇಷ್ಟ್ರು "ಅಕ್ಕನ ಮದುವಿ ಸೀರಿ ಅದ ಬಣ್ಣದ್ದು, ಬ್ಯಾರೆ ತೋರಸ್ರಿ" ಎಂದರು. ಅಕ್ಕನ ಮದುವೆ ಸೀರೆಯ ಬಣ್ಣ ಆ ಹೊತ್ತಿನಲ್ಲಿ ಕಣ್ಣಿದ್ದ ನನಗೆ ಏನು ಮಾಡಿದರೂ ನೆನಪಾಗುತ್ತಿರಲಿಲ್ಲ.

ತತ್ತ್ವಶಾಸ್ತ್ರಜ್ಞರು ಈ ವಿಷಯವನ್ನು ಮುನ್ನೂರು ವರ್ಷಗಳಿಂದ ಅರೆಯುತ್ತಿದ್ದಾರೆ. ಇಂಗ್ಲೆಂಡಿನ ಜಾನ್ ಲಾಕ್ 1690ರ ತನ್ನ ಗ್ರಂಥದಲ್ಲಿ ಒಬ್ಬ ಅಂಧನ ಕಥೆ ಹೇಳುತ್ತಾನೆ. ಓದಿ, ಕೇಳಿ, ತಲೆ ಕೆಡಿಸಿಕೊಂಡು ಕೊನೆಗೊಂದು ದಿನ ಆತ, ಕಡುಗೆಂಪು ಏನೆಂದು ತನಗೆ ಗೊತ್ತಾಯಿತು, ಅದು ತುತ್ತೂರಿಯ ದನಿಯ ಹಾಗೆ ಎಂದನಂತೆ. ಮಾತಿನಿಂದ ಬಣ್ಣ ಕಲಿಸಲು ಹೋದರೆ ಆಗುವುದು ಇಷ್ಟೇ ಎಂದು ತೋರಿಸಲು ಲಾಕ್ ಈ ಕಥೆಯನ್ನು ಬಳಸಿಕೊಂಡ. ನನಗೇನೋ ಆ ಅಂಧ ಅಷ್ಟೇನೂ ತಪ್ಪು ಹೇಳಿದ ಹಾಗೆ ಕಾಣುವುದಿಲ್ಲ. ಗುಂಪಿನಲ್ಲಿ ಮೊದಲು ಗಮನ ಸೆಳೆಯುವುದು, ರಾಜವೈಭವಕ್ಕೂ ಯುದ್ಧಕ್ಕೂ ಒದಗುವುದು, ಈ ಗುಣಗಳು ಎರಡಕ್ಕೂ ಇವೆ. ಲಾಕ್ ಸತ್ತು ಏಳು ವರ್ಷಕ್ಕೆ, 1711ರಲ್ಲಿ, ನಿಕೊಲಸ್ ಸಾಂಡರ್ಸನ್ ಎಂಬಾತ ಕೇಂಬ್ರಿಜ್‌ನಲ್ಲಿ ಗಣಿತದ ಲುಕೇಸಿಯನ್ ಪ್ರಾಧ್ಯಾಪಕನಾದ. ನ್ಯೂಟನ್ ಕೂತಿದ್ದ ಪೀಠ ಅದು. ಸಾಂಡರ್ಸನ್ ವರ್ಷದ ಮಗುವಿದ್ದಾಗಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ವಿದ್ಯಾರ್ಥಿಗಳಿಗೆ ಅವನು ಕಲಿಸಿದ ವಿಷಯಗಳಲ್ಲಿ ಬೆಳಕು, ಬಣ್ಣ, ಕಾಮನಬಿಲ್ಲು ಎಲ್ಲ ಇದ್ದವು.

ಅಂಧರು ಬಣ್ಣದ ಮಾತಾಡಿದರೆ ಅದು ಗಿಳಿಪಾಠ ಎಂದು ಬಹಳ ಕಾಲ ನಂಬಿಕೆಯಿತ್ತು. ಕಣ್ಣೂ ಕಿವಿಯೂ ಇಲ್ಲದ ಹೆಲೆನ್ ಕೆಲರ್ ತಮ್ಮ ಬರಹದಲ್ಲಿ ಬಣ್ಣಗಳನ್ನು ಹೆಸರಿಸಿದ್ದಕ್ಕೆ ವಿಮರ್ಶಕರು ಮೂಗು ಮುರಿದಿದ್ದರು. 20ನೇ ಶತಮಾನದ ಕೊನೆಯ ಭಾಗದಲ್ಲಿ ಸಂಶೋಧಕರು ಈ ಆರೋಪವನ್ನೇ ಪರೀಕ್ಷೆಗೆ ಒಡ್ಡಿದರು. ಬಣ್ಣಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರ ಎಂದು 1978ರಲ್ಲಿ ಗ್ಲೋರಿಯಾ ಮಾರ್ಮರ್ ಕೇಳಿದಾಗ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರ ಉತ್ತರಗಳನ್ನು ಜೋಡಿಸಿದರೆ ಕಾಣುವವರ ಬಣ್ಣದ ಚಕ್ರಕ್ಕೆ ಹತ್ತಿರವಾದ ಚಕ್ರವೇ ಮೂಡಿತು. ಕೆಂಪಿನ ಪಕ್ಕ ಕಿತ್ತಳೆ, ನೀಲಿಯ ಪಕ್ಕ ನೇರಳೆ. ಬಾರ್ಬರಾ ಲ್ಯಾಂಡೌ ಮತ್ತು ಲೈಲಾ ಗ್ಲೈಟ್‌ಮನ್ 1985ರ ಪುಸ್ತಕದಲ್ಲಿ ಒಬ್ಬ ಪುಟ್ಟ ಅಂಧ ಹುಡುಗಿಯ ಮಾತುಗಳನ್ನು ಬೆನ್ನುಹತ್ತಿದ್ದಾರೆ. ಮೇಲೆ ನೋಡು ಎಂದರೆ ಕಣ್ಣು ಕಟ್ಟಿದ ಬೇರೆ ಮಕ್ಕಳು ತಲೆ ಎತ್ತುತ್ತಿದ್ದರು, ಇವಳು ಕೈ ಎತ್ತುತ್ತಿದ್ದಳು. ಬಣ್ಣ ವಸ್ತುಗಳಿಗಷ್ಟೇ ಇರುತ್ತದೆ, ವಿಚಾರಗಳಿಗಿರುವುದಿಲ್ಲ ಎನ್ನುವುದೂ ಅವಳಿಗೆ ತಿಳಿದಿತ್ತು.

ಜೂಡಿ ಕಿಮ್, ಮರೀನಾ ಬೆಡ್ನಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಳಕ್ಕೆ ಹೋಗುತ್ತದೆ. ಯಾವ ವಸ್ತುವಿಗೆ ಯಾವ ಬಣ್ಣ ಎಂಬ ಬಿಡಿ ಮಾಹಿತಿಯಲ್ಲಿ ಅಂಧರ ಉತ್ತರ ಕೆಲವೊಮ್ಮೆ ಬೇರೆಯಾಗುತ್ತದೆ. ಆದರೆ ಒಂದೇ ಜಾತಿಯ ಎರಡು ಹಣ್ಣುಗಳ ಬಣ್ಣ ಒಂದೇ ಇರುವ ಸಂಭವ ಹೆಚ್ಚು, ಎರಡು ಕಾರುಗಳದ್ದು ಹಾಗಲ್ಲ ಎಂಬಂಥ ತಿಳಿವಳಿಕೆಯಲ್ಲಿ ಕಾಣುವವರಿಗೂ ಕಾಣದವರಿಗೂ ವ್ಯತ್ಯಾಸವೇ ಸಿಗಲಿಲ್ಲ. ಯಾರೂ ಕೂರಿಸಿ ಕಲಿಸದ ಪಾಠ ಇದು. ಅಡುಗೆಮನೆಯ ಮಾತು, ಸಂತೆಯ ಮಾತು, ಜಗಳದ ಮಾತು ಕೇಳುತ್ತ ತಾನಾಗಿ ಕೂಡಿಕೊಂಡದ್ದು.

ಬಣ್ಣವೇ ಕಾಣದ ಇನ್ನೊಂದು ಬಗೆಯವರೂ ಇದ್ದಾರೆ. ಕಣ್ಣು ಕಾಣುತ್ತದೆ, ಲೋಕ ಮಾತ್ರ ಪೂರಾ ಬೂದು. ನಾರ್ವೆಯ ಕ್ನುಟ್ ನೂರ್ಡ್‌ಬಿ ಹಾಗೆ ಹುಟ್ಟಿ ದೃಷ್ಟಿವಿಜ್ಞಾನಿಯೇ ಆದರು. ಬಣ್ಣದ ಭೌತಶಾಸ್ತ್ರ, ಕಣ್ಣಿನ ಕೋಶಗಳ ಕೆಲಸ ಎಲ್ಲ ಓದಿಕೊಂಡರೂ ಬಣ್ಣ ಎಂಬುದು ತಮಗೆ ದಕ್ಕಿಲ್ಲ ಎಂದು ಅವರೇ ಬರೆದಿದ್ದಾರೆ. ಅವರನ್ನು ಜೊತೆಗೆ ಕರೆದುಕೊಂಡು ವೈದ್ಯ ಲೇಖಕ ಆಲಿವರ್ ಸ್ಯಾಕ್ಸ್ 1990ರ ದಶಕದಲ್ಲಿ ಪೆಸಿಫಿಕ್ ಸಾಗರದ ಪಿಂಗಲಾಪ್ ದ್ವೀಪಕ್ಕೆ ಹೋದರು. 1775ರ ಸುಮಾರಿನ ಚಂಡಮಾರುತದಲ್ಲಿ ಬೆರಳೆಣಿಕೆಯ ಜನ ಉಳಿದು, ಅವರ ಸಂತತಿಯಲ್ಲಿ ಈ ಬಣ್ಣಗುರುಡು ವ್ಯಾಪಕವಾದ ಊರು ಅದು. ಬಣ್ಣ ಕಾಣದೆ ಹಣ್ಣಾದ ಬಾಳೆ ಹೇಗೆ ಗೊತ್ತುಮಾಡುತ್ತೀರಿ ಎಂದು ಕೇಳಿದರೆ ಅಲ್ಲಿಯವರು ಹಚ್ಚ ಹಸಿರು ಸಿಪ್ಪೆಯ ಬಾಳೆಹಣ್ಣು ತಂದುಕೊಟ್ಟರಂತೆ. ಸುಲಿದು ನೋಡಿದರೆ ಚೆನ್ನಾಗಿ ಕಳಿತಿತ್ತು. ಅವರು ಹಿಸುಕಿ, ಮೂಸಿ ತಿಳಿಯುತ್ತಾರೆ. ನಮ್ಮ ಪಚ್ಚಬಾಳೆ ಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸದ್ದಿನ ಕಡೆ. ಇಲ್ಲಿ ನನಗೆ ಬಹಳ ಇಷ್ಟವಾದದ್ದು 18ನೇ ಶತಮಾನದ ಪ್ಯಾರಿಸ್ಸಿನ ಕಥೆ. ಕ್ಯಾಸ್ಟೆಲ್ ಎಂಬ ಪಾದ್ರಿ, ಮನೆ ಒತ್ತಿದರೆ ಸ್ವರದ ಬದಲು ಬಣ್ಣ ಮೂಡುವ ವಾದ್ಯವೊಂದನ್ನು ಕಲ್ಪಿಸಿದ್ದ. ದೆನಿ ದಿದೆರೊ 1751ರ ತನ್ನ ಪತ್ರರೂಪದ ಪ್ರಬಂಧದಲ್ಲಿ ಕಿವುಡ, ಮೂಗ ಗೆಳೆಯನೊಬ್ಬನನ್ನು ಅದನ್ನು ನೋಡಲು ಕಳಿಸಿದ ಸಂಗತಿ ಬರೆಯುತ್ತಾನೆ. ಬಣ್ಣಗಳು ಬಂದು ಹೋಗುವುದನ್ನು ನೋಡಿ ಆ ಗೆಳೆಯ, ಇದನ್ನು ಮಾಡಿದವನೂ ನನ್ನಂತೆ ಕಿವುಡನೇ ಇರಬೇಕು, ಈ ಬಣ್ಣಗಳು ಅವನ ಅಕ್ಷರಗಳು, ಇದರಿಂದ ಜನರ ಜೊತೆ ಮಾತಾಡುತ್ತಾನೆ ಎಂದುಕೊಂಡ. ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋದ. ಕಿವಿ ಇರುವವರು ಸಂಗೀತ ಕೇಳುತ್ತ ಮುಖ ಅರಳಿಸುತ್ತಾರಲ್ಲ, ಅದೂ ಇಂಥದೇ ಒಂದು ಮಾತುಕತೆ ಇರಬೇಕು ಎಂದು ಊಹಿಸಿದ. ವಾದ್ಯ ತಯಾರಿಸಿದವನಿಗೆ ಹೊಳೆಯದ ಸಂಗತಿಯನ್ನು ಕೇಳುಗರ ಮುಖ ನೋಡಿಯೇ ಹಿಡಿದಿದ್ದ.

ಕಿವಿ ಕೇಳದವರಿಗೆ ಸದ್ದು ಪೂರ್ತಿ ಪರಕೀಯ ಎನ್ನುವುದೂ ಸರಿಯಲ್ಲ. 1924ರಲ್ಲಿ ನ್ಯೂಯಾರ್ಕಿನ ವಾದ್ಯವೃಂದ ಬೇಥೊವನ್‌ನ ಒಂಬತ್ತನೇ ಸಿಂಫನಿ ನುಡಿಸಿದಾಗ ಹೆಲೆನ್ ಕೆಲರ್ ರೇಡಿಯೊದ ಅದುರುವ ತೆಳು ತಗಡಿನ ಮೇಲೆ ಕೈಯಿಟ್ಟು ಅದನ್ನು ಆಲಿಸಿದರು. ವಾದ್ಯಗಳ ಬೇರೆ ಬೇರೆ ಮಿಡಿತ, ಕೊನೆಯಲ್ಲಿ ಮನುಷ್ಯರ ಕಂಠಗಳು ಏಳುವುದು, ಎಲ್ಲ ಬೆರಳಿಗೆ ಗೊತ್ತಾಯಿತೆಂದು ವಾದ್ಯವೃಂದಕ್ಕೆ ಪತ್ರ ಬರೆದರು. ಸ್ಕಾಟ್ಲೆಂಡಿನ ತಾಳವಾದ್ಯಗಾರ್ತಿ ಎವಲಿನ್ ಗ್ಲೆನಿಗೆ ಹನ್ನೆರಡರ ವಯಸ್ಸಿಗೆ ಶ್ರವಣ ಬಹುಮಟ್ಟಿಗೆ ಹೋಗಿತ್ತು. ಗುರುಗಳು ನಗಾರಿಯಂಥ ಟಿಂಪನಿ ಬಾರಿಸಿದಾಗ ಆಕೆ ಕೋಣೆಯ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ತಗ್ಗಿನ ಸ್ವರ ಕಾಲಿಗೆ, ಏರಿನ ಸ್ವರ ಮುಖ, ಕುತ್ತಿಗೆ, ಎದೆಗೆ. ಇಂದಿಗೂ ಅವರು ವೇದಿಕೆಯ ಮೇಲೆ ಬರಿಗಾಲಲ್ಲಿ ನುಡಿಸುತ್ತಾರೆ.

ಹಾಗಿದ್ದರೂ ಸಿನಿಮಾದ ಪರದೆಯಿಂದ ನಡುಕ ಕಾಲಿಗೆ ಬರುವುದಿಲ್ಲ, ಅಲ್ಲಿ ಅಡಿಬರಹವೇ ಗತಿ. ಅಡಿಬರಹ ಬರೆಯುವವರಲ್ಲಿ ಬಹುಪಾಲು ಸೋಮಾರಿಗಳು. ಪ್ರೇಮಕ್ಕೂ ಕೊಲೆಗೂ ಅವರದು ಒಂದೇ ಪದ: 'ಸಂಗೀತ'. ಹುಟ್ಟಿನಿಂದ ಕಿವಿ ಕೇಳದ ಅಮೆರಿಕದ ಕಲಾವಿದೆ ಕ್ರಿಸ್ಟೀನ್ ಸನ್ ಕಿಮ್ 2020ರಲ್ಲಿ ಇದನ್ನೇ ವಿಷಯವಾಗಿಸಿಕೊಂಡು ಒಂದು ಕೃತಿ ಮಾಡಿದರು. ಅದರಲ್ಲಿ ಸದ್ದೇ ಇಲ್ಲದ ಸಂಗತಿಗಳಿಗೂ, ಕೋಣೆಗೆ ಬರುವ ಬಿಸಿಲಿಗೂ, ಅಡಿಬರಹ ಇದೆ. ಕನ್ನಡದಲ್ಲಿ ಬರೆಯುವವರಿಗೆ ಬೇರೆಯದೇ ಒಂದು ಗುಂಡಿ ಕಾದಿದೆ. ಗಲಗಲ, ಧಡಧಡ, ಜುಳುಜುಳು ಎಂದು ನಮ್ಮ ಬಾಯಿಗೆ ಸದ್ದಿನ ಪದಗಳು ಎಷ್ಟು ಸಲೀಸಾಗಿ ಬರುತ್ತವೆಂದರೆ, ಅವು ಕೇಳಿದವರಿಗಷ್ಟೇ ಅರ್ಥವಾಗುವಂಥವು ಎನ್ನುವುದು ಮರೆತೇಹೋಗುತ್ತದೆ. 'ಧಡಧಡ' ಎಂದು ಬರೆಯುವುದಕ್ಕಿಂತ 'ಹಿಂಬಾಗಿಲನ್ನು ಯಾರೋ ಬಡಿಯುತ್ತಿದ್ದಾರೆ, ನಾಯಕಿಗೆ ಕೇಳಿಲ್ಲ' ಎಂದು ಬರೆದರೆ ಕಿವಿ ಕೇಳದ ಪ್ರೇಕ್ಷಕನೂ ಕುರ್ಚಿಯ ತುದಿಗೆ ಬರುತ್ತಾನೆ.

ಚಿತ್ರಮಂದಿರಗಳಲ್ಲಿ ಅಡಿಬರಹ ಮತ್ತು ದೃಶ್ಯದ ಶ್ರಾವ್ಯ ವಿವರಣೆ ಇರಬೇಕೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇದನ್ನು ಬರೆದುಕೊಡುವ ಜನ ಕನ್ನಡಕ್ಕೂ ಬೇಕು. ಅಂಧರಿಗಾಗಿ ವಿವರಣೆ ಹೇಳುವವರಿಗೆ ಎರಡು ಸಂಭಾಷಣೆಗಳ ನಡುವೆ ಸಿಗುವುದು ಒಂದೆರಡು ಉಸಿರಿನಷ್ಟು ಹೊತ್ತು. ಹೆಂಗಸು ಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ಪತ್ರ, ಹಿಂದೆ ಮಳೆ, ಮೈಮೇಲೆ ಕೆಂಪು ಸೀರೆ. ನಾಲ್ಕನ್ನೂ ಹೇಳಲು ಆಗುವುದಿಲ್ಲ. ಪತ್ರ ಬಿಡುವಂತಿಲ್ಲ. ಮಳೆ ಕಿವಿಗೇ ಕೇಳುತ್ತದೆ, ಅದನ್ನು ಬಿಡಬಹುದು. ಸೀರೆಯ ಬಣ್ಣವನ್ನೂ ಬಿಡಬಹುದು. ಆದರೆ ಅರ್ಧ ಗಂಟೆಯ ಮೇಲೆ ಪೊಲೀಸ್ ಠಾಣೆಯ ದೃಶ್ಯದಲ್ಲಿ ಯಾರಾದರೂ 'ಕೆಂಪು ಸೀರೆಯವಳನ್ನು ನೋಡಿದ್ದೆ' ಎನ್ನುತ್ತಾನೋ ಏನೋ, ಪೂರ್ತಿ ಸಿನಿಮಾ ಮೊದಲೇ ನೋಡಿ ಖಾತ್ರಿ ಮಾಡಿಕೊಂಡು ಬಿಡಬೇಕು.