ಹಾಲು ಹೆಪ್ಪಾದಂತೆ ನಾವೂ ಒಂದಾಗೋಣ



ತಪಸ್ಸುಕಾಲದ ಉಪವಾಸ ಮುಗಿದು ಪಾಸ್ಖ ಹಬ್ಬ ಬಂದಿದೆ. ಜಾಗರಣೆಯ ರಾತ್ರಿ ಹೊಸ ಬೆಂಕಿಯಿಂದ ಪಾಸ್ಖ ದೀಪ ಹಚ್ಚಿ, ಅಲ್ಲೆಲೂಯ ಹಾಡಿ ಮನೆಗೆ ಮರಳಿದ ಮೇಲೆ ನಾವೆಲ್ಲ ಎದುರು ನೋಡುವುದು ಹಬ್ಬದ ಊಟವನ್ನು. ಹಬ್ಬವೆಂದರೆ ಬಿರಿಯಾನಿ, ಕೋಳಿಸಾರು, ಕೇಕು. ಈಚೆಗೆ ಮಕ್ಕಳ ಒತ್ತಾಯಕ್ಕೆ ಪಿಜ್ಜಾ, ಚೀಸ್ ಸ್ಯಾಂಡ್‌ವಿಚ್ ಕೂಡ ಮೇಜಿಗೆ ಬಂದಿವೆ. ಅದನ್ನು ಕಂಡು "ಇದೆಂಥ ಹಬ್ಬದ ತಿಂಡಿ?" ಎಂದು ಹಿರಿಯರು ಮುಖ ಸಿಂಡರಿಸುವುದುಂಟು. ಆದರೆ ಚೀಸ್‌ಗೂ ಧರ್ಮಸಭೆಯ ಹಬ್ಬಗಳಿಗೂ ಇರುವ ನಂಟು ತೀರಾ ಹಳೆಯದು. ಆ ನಂಟಿನಲ್ಲಿ ಇಂದಿನ ನಮ್ಮ ಕುಟುಂಬಗಳಿಗೆ ಒಂದು ಪಾಠವೂ ಇದೆ.

ಚೀಸ್ ಎಂದರೆ ಹೆಪ್ಪಾದ ಹಾಲು. ಹಾಲಿಗೆ ಒಂದಿಷ್ಟು ರೆನೆಟ್ ಸೇರಿಸಿದರೆ ಅದು ಗಟ್ಟಿಯಾಗುತ್ತದೆ. ರೆನೆಟ್ಟನ್ನು ಹಿಂದೆ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಈಗ ಸೂಕ್ಷ್ಮಾಣುಗಳಿಂದಲೂ ತಯಾರಿಸುತ್ತಾರೆ. ಗಟ್ಟಿಯಾದ ಹಾಲನ್ನು ಕತ್ತರಿಸಿ, ನೀರನ್ನು ಬಸಿದು, ಉಪ್ಪು ಬೆರೆಸಿ, ಭಾರ ಹೇರಿ, ತಿಂಗಳುಗಟ್ಟಲೆ ಮಾಗಲು ಬಿಟ್ಟರೆ ಗಟ್ಟಿ ಚೀಸ್ ಸಿದ್ಧ. ಒಂದು ಕಿಲೋ ಗಟ್ಟಿ ಚೀಸ್‌ಗೆ ಸುಮಾರು 10 ಲೀಟರ್ ಹಾಲು ಬೇಕು. ಯೂರೋಪಿನ ಎಷ್ಟೋ ಚೀಸ್‌ಗಳು ಮಠಗಳ ಅಡುಗೆಮನೆಗಳಲ್ಲಿ ರೂಪುಗೊಂಡವು. ನಮ್ಮ ಬೆಂಗಳೂರಿನಲ್ಲೇ ಸಂತ ಬೆನೆಡಿಕ್ಟರ ವಲ್ಲೊಂಬ್ರೋಸಾ ಸಭೆಯ ಸನ್ಯಾಸಿಗಳು 2000ದ ದಶಕದಲ್ಲಿ ಇಟಲಿಯ ಬಗೆಯ ಚೀಸ್ ಮಾಡಿ ಹೋಟೆಲುಗಳಿಗೆ ಒದಗಿಸತೊಡಗಿದರು.

ಪವಿತ್ರ ಗ್ರಂಥದಲ್ಲೂ ಚೀಸ್ ಇದೆ. ರಣರಂಗದಲ್ಲಿದ್ದ ಅಣ್ಣಂದಿರ ಯೋಗಕ್ಷೇಮ ವಿಚಾರಿಸಲು ಜೆಸ್ಸೆಯನು ದಾವೀದನನ್ನು ಕಳುಹಿಸಿದಾಗ, ಅವರ ಸೇನಾಧಿಪತಿಗೆಂದು ಕೊಟ್ಟದ್ದು ಹತ್ತು ತುಂಡು ಚೀಸ್ (1 ಸಮು 17:18). ಮುಂದೆ ಅದೇ ದಾವೀದನು ಮಗ ಅಬ್ಷಾಲೋಮನಿಗೆ ಹೆದರಿ ಕಾಡಿಗೆ ಓಡಿದಾಗ, ಹಸಿದಿದ್ದ ಅವನ ಜನರಿಗೆ ಜೇನು, ಬೆಣ್ಣೆಗಳ ಜೊತೆ ಚೀಸ್ ತಂದುಕೊಟ್ಟವರಿದ್ದರು (2 ಸಮು 17:29). ಎರಡೂ ಕಡೆ ಅದು ಕಷ್ಟದಲ್ಲಿದ್ದವರಿಗೆ ಹೊತ್ತು ತಂದ ಬುತ್ತಿ ಎಂಬುದನ್ನು ಗಮನಿಸಿ.

ಬಲಿಪೂಜೆಯ ಮೊದಲನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ ಸಂತ ಪೆರ್ಪೆತುವಾರ ಹೆಸರನ್ನು ಕೇಳಿದ್ದೀರಿ. ಹಸುಗೂಸಿನ ತಾಯಿಯಾಗಿದ್ದ ಅವರು ಉತ್ತರ ಆಫ್ರಿಕದ ಕಾರ್ಥೇಜ್ ನಗರದಲ್ಲಿ 203ರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. ಆಗ ಅವರಿಗೆ ಸುಮಾರು 22 ವರ್ಷ. ಸೆರೆಮನೆಯಲ್ಲಿ ಅವರಿಗೊಂದು ದರ್ಶನವಾಯಿತು. ಏಣಿ ಹತ್ತಿ ಹೋದರೆ ವಿಶಾಲವಾದ ತೋಟ. ಅಲ್ಲಿ ನರೆಗೂದಲಿನ ಕುರುಬನೊಬ್ಬ ಕುರಿಗಳ ಹಾಲು ಕರೆಯುತ್ತಿದ್ದಾನೆ. ಆತ ಅವರನ್ನು ಮಗಳೇ ಎಂದು ಸ್ವಾಗತಿಸಿ, ಒಂದು ತುತ್ತು ಚೀಸ್ ಕೊಟ್ಟನು. ಅವರು ಕೈಜೋಡಿಸಿ ಅದನ್ನು ಸ್ವೀಕರಿಸಿದಾಗ ಸುತ್ತಲಿದ್ದವರೆಲ್ಲ "ಆಮೆನ್" ಎಂದರು. ಎಚ್ಚರವಾದಾಗ ಆ ಸಿಹಿ ಇನ್ನೂ ಬಾಯಲ್ಲಿತ್ತಂತೆ. ಮರಣವನ್ನು ಎದುರು ನೋಡುತ್ತಿದ್ದ ಆ ತಾಯಿಗೆ ಸ್ವರ್ಗ ಕಂಡದ್ದು ಹಂಚಿ ತಿನ್ನುವ ಊಟವಾಗಿ.

ಸಂತ ಹಿಪ್ಪೋಲಿತರದ್ದೆಂದು ಹೇಳಲಾಗುವ ಪ್ರಾಚೀನ ಪೂಜಾವಿಧಿಯೊಂದರಲ್ಲಿ, ವಿಶ್ವಾಸಿಗಳು ಚೀಸ್ ಮತ್ತು ಓಲಿವ್ ಹಣ್ಣುಗಳನ್ನು ಅರ್ಪಿಸಲು ತಂದರೆ ಹೇಳಬೇಕಾದ ಪ್ರಾರ್ಥನೆ ಇದೆ. ಅದರ ತಿರುಳು ಇಷ್ಟೇ: ಹೆಪ್ಪಾದ ಈ ಹಾಲನ್ನು ಪವಿತ್ರಗೊಳಿಸುವ ದೇವರು ನಮ್ಮನ್ನೂ ತಮ್ಮ ಪ್ರೀತಿಯಲ್ಲಿ ಹಾಗೆಯೇ ಹೆಪ್ಪುಗಟ್ಟಿಸಲಿ. ಎಂಥ ಸರಳ ಬೇಡಿಕೆ!

ಮುಂದೆ ಚೀಸ್ ಪಾಸ್ಖ ಹಬ್ಬದ ತಿನಿಸಾದದ್ದು ಉಪವಾಸದ ಕಾರಣದಿಂದ. ಹಿಂದೆ ತಪಸ್ಸುಕಾಲದಲ್ಲಿ ಮಾಂಸದ ಜೊತೆಗೆ ಹಾಲು, ಬೆಣ್ಣೆ, ಚೀಸ್, ಮೊಟ್ಟೆಗಳನ್ನೂ ಬಿಡುತ್ತಿದ್ದರು. ಪಶ್ಚಿಮದ ಧರ್ಮಸಭೆಯಲ್ಲಿ ಈ ಕಟ್ಟಳೆ ಕಾಲಕ್ರಮೇಣ ಸಡಿಲಗೊಂಡು, 1917ರ ಧರ್ಮಸಭಾ ಕಾನೂನು ಹಾಲು, ಮೊಟ್ಟೆಗಳಿಗೆ ಅನುಮತಿಯಿತ್ತಿತು. ಪೂರ್ವದ ಅನೇಕ ಸಭೆಗಳಲ್ಲಿ ಈ ವ್ರತ ಇಂದಿಗೂ ಉಂಟು. ನಾವು ವ್ರತ ಹಿಡಿದೆವೆಂದು ಹಸು ಹಾಲು ಕೊಡುವುದನ್ನು ನಿಲ್ಲಿಸುತ್ತದೆಯೇ? ಆ ಹಾಲನ್ನು ಚೀಸ್ ಮಾಡಿಟ್ಟರೆ ಹಬ್ಬದವರೆಗೂ ಕೆಡುವುದಿಲ್ಲ. ಹೀಗಾಗಿ ಉಪವಾಸದ ದಿನಗಳ ಹಾಲೇ ಹಬ್ಬದ ಮೇಜಿಗೆ ಬರುತ್ತಿತ್ತು.

ಪೋಲೆಂಡ್ ದೇಶದ ಪದ್ಧತಿಯನ್ನು ನೋಡಿ. ಪವಿತ್ರ ಶನಿವಾರದಂದು ಕುಟುಂಬಗಳು ಬುಟ್ಟಿಯಲ್ಲಿ ರೊಟ್ಟಿ, ಮೊಟ್ಟೆ, ಉಪ್ಪು, ಮಾಂಸ, ಚೀಸ್ ಇಟ್ಟು, ಬಿಳಿ ಬಟ್ಟೆ ಹೊದಿಸಿ ದೇವಾಲಯಕ್ಕೆ ತರುತ್ತವೆ. ಗುರುಗಳು ತೀರ್ಥ ಚಿಮುಕಿಸಿ ಆಶೀರ್ವದಿಸುತ್ತಾರೆ. ಆದರೆ ಅಂದು ಯಾರೂ ಅದನ್ನು ಮುಟ್ಟುವುದಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕುಳಿತು, ಆಶೀರ್ವದಿಸಿದ ಮೊಟ್ಟೆಯನ್ನು ಹಂಚಿಕೊಂಡು, ಶುಭ ಕೋರಿದ ಮೇಲೆಯೇ ಊಟ. ರಷ್ಯದಲ್ಲಿ ಹಸಿ ಚೀಸ್‌ನಿಂದ ಗೋಪುರದಾಕಾರದ ಸಿಹಿ ಮಾಡಿ, ಕ್ರಿಸ್ತರು ಪುನರುತ್ಥಾನರಾದರು ಎಂಬುದರ ಮೊದಲಕ್ಷರಗಳನ್ನು ಅದರ ಮೇಲೆ ಮೂಡಿಸುತ್ತಾರೆ. ಆ ಸಿಹಿಯ ಹೆಸರೇ ಪಾಸ್ಖ!

ನಮ್ಮ ಹಳ್ಳಿಗಳಿಗೂ ಇದು ಅಪರಿಚಿತವಲ್ಲ. ಹಸು ಕರು ಹಾಕಿದ ಮನೆಯಿಂದ ಅಕ್ಕಪಕ್ಕದ ಮನೆಗಳಿಗೆ ಗಿಣ್ಣುಹಾಲು ಹೋಗುತ್ತಿತ್ತು. ಗಿಣ್ಣು ಚೀಸ್ ಅಲ್ಲ, ನಿಜ. ಆದರೆ ಹಂಚದೆ ತಿನ್ನಬಾರದು ಎಂಬ ನೀತಿ ಒಂದೇ. ಹೆಪ್ಪು ಮುಗಿದರೆ ನೆರೆಮನೆಯಿಂದ ಒಂದು ಚಮಚ ಮೊಸರು ತರಲು ಯಾರೂ ನಾಚಿಕೊಳ್ಳುತ್ತಿರಲಿಲ್ಲ.

ಇಂದು ಹೇಗಿದೆ? ಹಬ್ಬದಲ್ಲಿ ಮನೆಗಳನ್ನು ಆಶೀರ್ವದಿಸಲು ಹೋದಾಗ ನಾವು ಕಾಣುವುದುಂಟು: ಒಂದೇ ಅಂಗಳ, ನಡುವೆ ಗೋಡೆ, ಎರಡು ಬಾಗಿಲು. ಆಸ್ತಿ ಭಾಗವಾದಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಹಬ್ಬದ ದಿನ ಎರಡೂ ಮನೆಗಳಿಂದ ವಯಸ್ಸಾದ ತಾಯಿಗೆ ತಟ್ಟೆ ಬರುತ್ತದೆ. ಆ ತಾಯಿ ಎರಡನ್ನೂ ಮುಂದಿಟ್ಟುಕೊಂಡು ಒಬ್ಬರೇ ಕೂರುತ್ತಾರೆ. ತಟ್ಟೆಗಳಲ್ಲಿ ಏನೂ ಕಡಿಮೆಯಿಲ್ಲ. ಆದರೂ ಅವರ ಕೈ ಅನ್ನಕ್ಕೆ ಹೋಗುವುದಿಲ್ಲ.

ಪ್ರಿಯರೇ, ಹಾಲು ಹೆಪ್ಪಾಗುವ ಬಗೆ ಇಲ್ಲಿ ನಮಗೆ ದಾರಿ ತೋರಲಿ. ಪಾತ್ರೆ ತುಂಬ ಹಾಲಿಗೆ ಬೇಕಾದ ಹೆಪ್ಪು ಅತ್ಯಲ್ಪ. ಮುನಿದ ಮನೆಯಲ್ಲೂ ಒಬ್ಬರು ಮೊದಲು ಬಾಗಿಲು ತಟ್ಟಿದರೆ ಸಾಕು. ನೀರು ಬಸಿಯದೆ ಹಾಲು ಗಟ್ಟಿಯಾಗದು. ನಮ್ಮ ಹಠ, ಹಳೆಯ ಲೆಕ್ಕಗಳೂ ಬಸಿದು ಹೋಗಬೇಕು. ಚೀಸ್ ಮಾಗಲು ತಿಂಗಳುಗಳು ಹಿಡಿಯುತ್ತವೆ; ಮುರಿದ ಮನಸ್ಸಿಗೂ ಕಾಲಾವಕಾಶ ಕೊಡಬೇಕು. ಬಲಿಪೀಠಕ್ಕೆ ಕಾಣಿಕೆ ತಂದಾಗ ಸಹೋದರನ ಮುನಿಸು ನೆನಪಾದರೆ ಮೊದಲು ಹೋಗಿ ಅವನೊಡನೆ ರಾಜಿಯಾಗಬೇಕೆಂದು ಪ್ರಭು ಯೇಸು ಹೇಳಿದ್ದಾರೆ (ಮತ್ತಾ 5:23-24). ಪುನರುತ್ಥಾನರಾದ ಮೇಲೆ ಅದೇ ಯೇಸು ತಮ್ಮನ್ನು ಬಿಟ್ಟು ಓಡಿಹೋಗಿದ್ದ ಶಿಷ್ಯರ ನಡುವೆ ನಿಂತು, ತಿನ್ನಲು ಏನಾದರೂ ಇದೆಯೇ ಎಂದು ಕೇಳಿದರು. ಅವರು ಕೊಟ್ಟ ಸುಟ್ಟ ಮೀನನ್ನು ಅವರ ಎದುರಿಗೇ ತಿಂದರು (ಲೂಕ 24:41-43). ಗದರಿಕೆಗಿಂತ ಮುಂಚೆ ಶಾಂತಿಯ ಮಾತು, ಆಮೇಲೆ ಊಟ!

ಈ ಹಬ್ಬಕ್ಕೆ ಮೂರು ಸಣ್ಣ ಕೆಲಸ ಮಾಡೋಣ. ಚೀಸ್ ಇರಲಿ, ಕೇಕು ಇರಲಿ, ಒಂದೇ ದೊಡ್ಡ ತುಂಡನ್ನು ಮೇಜಿನ ಮೇಲಿಟ್ಟು, ಪ್ರಾರ್ಥಿಸಿ, ಮನೆಯ ಹಿರಿಯರ ಕೈಯಿಂದಲೇ ಹಂಚಿಸೋಣ. ಎಲ್ಲರೂ ಬರುವ ತನಕ ಯಾರೂ ತುತ್ತೆತ್ತದಿರೋಣ, ಟಿ.ವಿ., ಮೊಬೈಲುಗಳು ಆ ಹೊತ್ತು ಸುಮ್ಮನಿರಲಿ. ಒಂದು ಪಾಲನ್ನು ನೆರೆಮನೆಗೆ, ಅದರಲ್ಲೂ ಮಾತು ಬಿಟ್ಟವರ ಮನೆಗೆ, ಕೈಯಾರೆ ಒಯ್ಯೋಣ. ಅವರು ಸಸ್ಯಾಹಾರಿಗಳಾದರೆ ಚೀಸ್ ಪೊಟ್ಟಣದ ಮೇಲೆ ಹಸಿರು ಗುರುತಿದೆಯೇ ಎಂದು ನೋಡಿ ಕೊಳ್ಳೋಣ.

ಆ ತಾಯಿಯ ಮುಂದೆ ಈ ವರ್ಷ ಎರಡು ತಟ್ಟೆಗಳ ಬದಲು ಒಂದೇ ತಟ್ಟೆ ಇರಲಿ, ಎರಡೂ ಪಕ್ಕದಲ್ಲಿ ಮಕ್ಕಳಿರಲಿ. ಹಾಲನ್ನು ಹೆಪ್ಪಾಗಿಸುವ ದೇವರು ನಮ್ಮ ಮನೆಗಳನ್ನೂ ತಮ್ಮ ಪ್ರೀತಿಯಲ್ಲಿ ಒಂದಾಗಿಸಲಿ. ನಿಮಗೆಲ್ಲರಿಗೂ ಪಾಸ್ಖ ಹಬ್ಬದ ಶುಭಾಶಯಗಳು. ಅಲ್ಲೆಲೂಯ!